ಜೋಶುವಾ ಲಯನೆಲ್ ಕೋವೆನ್

ಜೋಶುವಾ ಲಯನೆಲ್ ಕೋವೆನ್ (ಆಗಸ್ಟ್ 25, 1877 – ಸೆಪ್ಟೆಂಬರ್ 8, 1965) ಅಮೆರಿಕದ ಉದ್ಯಮಿ ಹಾಗೂ ಸಂಶೋಧಕ. ವಿದ್ಯುತ್ತಿನಿಂದ ಓಡುವ ಆಟಿಕೆ ರೈಲುಗಳಿಗೆ ಹೆಸರಾದ ಲಯನೆಲ್ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರು. ತಮ್ಮ ಹೆಸರಿನ ನಡುವಿನ ಪದವನ್ನೇ ಅವರು ಸಂಸ್ಥೆಗೆ ಇಟ್ಟರು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಅಮೆರಿಕದ ಮನೆಗಳಲ್ಲಿ ಕ್ರಿಸ್‌ಮಸ್ ಮರದ ಕೆಳಗೆ ಆಟಿಕೆ ರೈಲು ಓಡುವುದು ರೂಢಿಯಾಗಲು ಅವರ ಉದ್ಯಮ ಮುಖ್ಯ ಕಾರಣವಾಯಿತು. ಆಟಿಕೆ ರೈಲಿನ ಇತಿಹಾಸದಲ್ಲಿ ಅವರ ಸಂಸ್ಥೆಗೆ ಇನ್ನೊಂದು ಕಾರಣಕ್ಕೂ ಸ್ಥಾನವಿದೆ. ಓಡುವ ರೈಲಿನ ಬೋಗಿಗಳನ್ನು ಕೈಯಿಂದ ಮುಟ್ಟದೆ, ದೂರದಲ್ಲಿ ಕುಳಿತು ಗುಂಡಿ ಒತ್ತಿ ಕಳಚುವ ವಿಧಾನವನ್ನು ಸಾಮಾನ್ಯ ಮನೆಯ ಮಕ್ಕಳವರೆಗೆ ತಲುಪಿಸಿದವರಲ್ಲಿ ಲಯನೆಲ್ ಸಂಸ್ಥೆ ಪ್ರಮುಖವಾದುದು.

ಬಾಲ್ಯ ಮತ್ತು ಶಿಕ್ಷಣ

ಕೋವೆನ್ ಅವರು ನ್ಯೂಯಾರ್ಕ್ ನಗರದಲ್ಲಿ, ಪೂರ್ವ ಯುರೋಪಿನಿಂದ ವಲಸೆ ಬಂದಿದ್ದ ಯೆಹೂದಿ ಕುಟುಂಬದಲ್ಲಿ ಜನಿಸಿದರು. ಒಂಬತ್ತು ಮಕ್ಕಳಲ್ಲಿ ಅವರು ಎಂಟನೆಯವರು. ಕುಟುಂಬದ ಹೆಸರು ಕೊಹೆನ್ ಎಂದಿತ್ತು. ಅದನ್ನು ಅವರು 1910ರ ಸುಮಾರಿಗೆ ಕೋವೆನ್ ಎಂದು ಬದಲಿಸಿಕೊಂಡರು.

ಏಳು ವರ್ಷದ ಬಾಲಕನಾಗಿದ್ದಾಗ ಮರದಲ್ಲಿ ಒಂದು ಎಂಜಿನ್ನನ್ನು ಕೆತ್ತಿ, ಅದಕ್ಕೆ ಚಿಕ್ಕ ಉಗಿಯಂತ್ರವನ್ನು ಅಳವಡಿಸಲು ಹೋಗಿ, ಅದು ಸಿಡಿದು ಅಡುಗೆಮನೆಯ ಗೋಡೆಯ ಕಾಗದ ಹಾಳಾಯಿತೆಂಬ ಕಥೆಯನ್ನು ಅವರು ಮುಂದೆ ಹೇಳಿಕೊಳ್ಳುತ್ತಿದ್ದರು. ಕೋವೆನ್ ಕಥೆ ಹೇಳುವುದರಲ್ಲಿ ನಿಪುಣರು. ಅವರ ಬಾಲ್ಯದ ಬಗ್ಗೆ ಪ್ರಚಾರದಲ್ಲಿರುವ ಪ್ರಸಂಗಗಳಲ್ಲಿ ಹೆಚ್ಚಿನವು ಅವರ ಬಾಯಿಂದಲೇ ಬಂದವಾದ್ದರಿಂದ ಅವುಗಳನ್ನು ಸ್ವಲ್ಪ ಎಚ್ಚರದಿಂದ ಓದಬೇಕಾಗುತ್ತದೆ. ಓದಿನಲ್ಲಿ ಅವರ ಮನಸ್ಸು ನಿಲ್ಲಲಿಲ್ಲ. ಕಾಲೇಜು ಸೇರಿದರೂ ಪದವಿ ಪಡೆಯದೆ ಹೊರಬಂದರು. ವಿದ್ಯುತ್ ಉಪಕರಣಗಳ ಕೆಲಸವೇ ಅವರಿಗೆ ಪಾಠಶಾಲೆಯಾಯಿತು.

ಆರಂಭದ ಪ್ರಯೋಗಗಳು

1899ರಲ್ಲಿ ಅವರು ಛಾಯಾಗ್ರಾಹಕರಿಗಾಗಿ ಒಂದು ಸಾಧನವನ್ನು ರೂಪಿಸಿ ಪೇಟೆಂಟ್ ಪಡೆಯಲು ಮುಂದಾದರು. ಆ ಕಾಲದಲ್ಲಿ ಚಿತ್ರ ತೆಗೆಯುವಾಗ ಬೆಳಕಿಗಾಗಿ ಮೆಗ್ನೀಸಿಯಂ ಪುಡಿಯನ್ನು ಉರಿಸುತ್ತಿದ್ದರು. ಬ್ಯಾಟರಿಯಿಂದ ತಂತಿಯನ್ನು ಕಾಯಿಸಿ ಆ ಪುಡಿಗೆ ಬೆಂಕಿ ತಗುಲಿಸುವುದು ಕೋವೆನ್ ಅವರ ಉಪಾಯ. ಇದನ್ನು ಗಮನಿಸಿದ ಅಮೆರಿಕದ ನೌಕಾಪಡೆ, ಸಮುದ್ರದಲ್ಲಿ ಇರಿಸುವ ಸಿಡಿಗುಂಡುಗಳನ್ನು ಹೊತ್ತಿಸಲು 24,000 ಸಾಧನಗಳನ್ನು ಮಾಡಿಕೊಡುವ ಗುತ್ತಿಗೆಯನ್ನು ಅವರಿಗೆ ವಹಿಸಿತು. ಇದರಿಂದ ಬಂದ 12,000 ಡಾಲರ್ ಅವರ ಉದ್ಯಮದ ಮೂಲಧನವಾಯಿತು. ಮಕ್ಕಳ ಆಟಿಕೆಯ ದೊಡ್ಡ ಸಂಸ್ಥೆಯೊಂದು ಸಿಡಿಮದ್ದಿನ ಹಣದಿಂದ ಹುಟ್ಟಿತೆಂಬುದು ಸೋಜಿಗದ ಸಂಗತಿ.

1900ರ ಸೆಪ್ಟೆಂಬರ್‌ನಲ್ಲಿ ಹ್ಯಾರಿ ಗ್ರಾಂಟ್ ಎಂಬವರೊಡನೆ ಸೇರಿ ಅವರು ನ್ಯೂಯಾರ್ಕಿನ ಮರ್ರಿ ಬೀದಿಯಲ್ಲಿ ಲಯನೆಲ್ ಮ್ಯಾನುಫ್ಯಾಕ್ಚರಿಂಗ್ ಕಂಪನಿಯನ್ನು ತೆರೆದರು. ಹೂಕುಂಡದಲ್ಲಿ ಬೆಳಗುವ ದೀಪವೊಂದನ್ನು ತಾವು ಕಂಡುಹಿಡಿದಿದ್ದು, ಅದನ್ನು ಕಾನ್ರಾಡ್ ಹ್ಯೂಬರ್ಟ್ ಅವರಿಗೆ ಬಿಟ್ಟುಕೊಟ್ಟದ್ದರಿಂದ ಎವರೆಡಿ ಟಾರ್ಚ್ ಹುಟ್ಟಿತೆಂದು ಕೋವೆನ್ ಹೇಳುತ್ತಿದ್ದರು. ಈ ಕಥೆ ಅನೇಕ ಪುಸ್ತಕಗಳಲ್ಲಿ ಪುನರುಕ್ತವಾಗಿದೆ. ಆದರೆ ಕೈದೀಪದ ಪೇಟೆಂಟುಗಳು ಡೇವಿಡ್ ಮಿಸೆಲ್ ಅವರ ಹೆಸರಿನಲ್ಲಿವೆ. ಆದ್ದರಿಂದ ಇತಿಹಾಸಕಾರರು ಈ ಹೇಳಿಕೆಯನ್ನು ಪೂರ್ಣವಾಗಿ ಒಪ್ಪುವುದಿಲ್ಲ.

ಅಂಗಡಿಯ ಕಿಟಕಿಯಲ್ಲಿ ಓಡಿದ ಗಾಡಿ

ಕೋವೆನ್ ಅವರ ಮೊದಲ ರೈಲು ಮಕ್ಕಳಿಗಾಗಿ ಮಾಡಿದ್ದಲ್ಲ. ಅಂಗಡಿಗಳ ಗಾಜಿನ ಕಿಟಕಿಯಲ್ಲಿ ಇಟ್ಟ ಸರಕುಗಳ ಕಡೆಗೆ ದಾರಿಹೋಕರು ತಿರುಗಿ ನೋಡುವುದಿಲ್ಲ, ಅಲ್ಲಿ ಏನಾದರೂ ಚಲಿಸುತ್ತಿದ್ದರೆ ನಿಂತು ನೋಡುತ್ತಾರೆ ಎಂಬುದನ್ನು ಗಮನಿಸಿದ ಅವರು, ಚಿಕ್ಕ ಫ್ಯಾನಿನ ಮೋಟಾರನ್ನು ತೆರೆದ ಸರಕು ಗಾಡಿಯೊಂದರ ಅಡಿಯಲ್ಲಿ ಜೋಡಿಸಿ, ಬ್ಯಾಟರಿಯ ಬಲದಿಂದ ವರ್ತುಲಾಕಾರದ ಹಳಿಯ ಮೇಲೆ ಓಡಿಸಿದರು. ಇದಕ್ಕೆ ಎಲೆಕ್ಟ್ರಿಕ್ ಎಕ್ಸ್‌ಪ್ರೆಸ್ ಎಂದು ಹೆಸರಿಟ್ಟರು. ನ್ಯೂಯಾರ್ಕಿನ ಕೋರ್ಟ್‌ಲ್ಯಾಂಡ್ ಬೀದಿಯಲ್ಲಿದ್ದ ರಾಬರ್ಟ್ ಇಂಗರ್ಸಾಲ್ ಅವರ ಅಂಗಡಿ ಇದನ್ನು ಕೊಂಡಿತು. ಗಾಡಿಯಲ್ಲಿ ತುಂಬಿದ್ದ ಸರಕಿಗಿಂತ ಗಾಡಿಯೇ ಬೇಕೆಂದು ಗಿರಾಕಿಗಳು ಕೇಳತೊಡಗಿದಾಗ ಅಂಗಡಿಯಾತ ಮತ್ತಷ್ಟು ಗಾಡಿಗಳಿಗೆ ಬೇಡಿಕೆ ಕಳುಹಿಸಿದ. ಕೋವೆನ್ ಅವರು ತಮ್ಮ ವ್ಯಾಪಾರದ ದಿಕ್ಕನ್ನು ಅಲ್ಲಿಗೆ ಬದಲಿಸಿದರು.

ಈ ಮೊದಲ ಗಾಡಿಯ ಹಳಿಗಳ ನಡುವಿನ ಅಂತರ 2⅞ ಇಂಚು. ಹಳಿಯನ್ನು ಕೊಂಡವರೇ ಲೋಹದ ಪಟ್ಟಿಗಳನ್ನು ಮರದ ದಿಮ್ಮಿಗಳ ಸೀಳುಗಳಲ್ಲಿ ಕೂಡಿಸಿ ಹಾಸಿಕೊಳ್ಳಬೇಕಾಗಿತ್ತು. 1906ರಲ್ಲಿ ಲಯನೆಲ್ 2⅛ ಇಂಚಿನ ಅಂತರದ, ಮೂರು ಕಂಬಿಗಳ ಸಿದ್ಧ ಹಳಿಗಳನ್ನು ಮಾರುಕಟ್ಟೆಗೆ ತಂದಿತು. ನಡುವಿನ ಕಂಬಿಯಲ್ಲಿ ವಿದ್ಯುತ್ ಹರಿದು, ಹೊರಗಿನ ಎರಡು ಕಂಬಿಗಳ ಮೂಲಕ ಹಿಂದಿರುಗುತ್ತದೆ. ನಿಜವಾದ ರೈಲಿಗೆ ಮೂರನೆಯ ಕಂಬಿ ಹೀಗೆ ನಡುವೆ ಇರುವುದಿಲ್ಲವಾದ್ದರಿಂದ ನೋಟಕ್ಕೆ ಇದು ಕೊರತೆಯೇ. ಆದರೆ ಹಳಿ ಸುತ್ತಿ ಬಂದು ತನ್ನನ್ನೇ ಸೇರಿದರೂ ವಿದ್ಯುತ್ ಮಾರ್ಗ ತೊಡಕುಗೊಳ್ಳುವುದಿಲ್ಲ. ಮಗುವು ಹೇಗೆ ಹಾಸಿದರೂ ರೈಲು ಓಡುತ್ತದೆ. ಈ ಅಳತೆಗೆ ಕೋವೆನ್ ಅವರು ಸ್ಟ್ಯಾಂಡರ್ಡ್ ಎಂದು ಹೆಸರಿಟ್ಟರು. ಬೇರೆ ಯಾರೂ ಆಗ ಬಳಸದ ಅಳತೆಯೊಂದನ್ನು ಪ್ರಮಾಣವೆಂದು ಕರೆದು, ಉಳಿದವರೆಲ್ಲರೂ ಪ್ರಮಾಣ ತಪ್ಪಿದವರೆಂಬ ಭಾವನೆ ಬರುವಂತೆ ಮಾಡಿದ್ದು ವ್ಯಾಪಾರದ ಚಾತುರ್ಯ. 1915ರಿಂದ ಸಂಸ್ಥೆ ಚಿಕ್ಕದಾದ 1¼ ಇಂಚಿನ ಓ ಅಳತೆಯ ರೈಲುಗಳನ್ನೂ ತಯಾರಿಸಿತು. ಮುಂದೆ ಇದೇ ಹೆಚ್ಚು ಪ್ರಚಾರಕ್ಕೆ ಬಂದಿತು.

1904ರಲ್ಲಿ ಕೋವೆನ್ ಅವರು ಸಿಸಿಲಿಯಾ ಲೀಬರ್‌ಮನ್ ಅವರನ್ನು ವಿವಾಹವಾದರು. ಲಾರೆನ್ಸ್ ಮತ್ತು ಇಸಬೆಲ್ ಅವರ ಮಕ್ಕಳು. ಬಾಲಕ ಲಾರೆನ್ಸ್‌ನ ಚಿತ್ರವು ಸಂಸ್ಥೆಯ ಪ್ರಚಾರದಲ್ಲಿ ಬಳಕೆಯಾಯಿತು. ತಂದೆ ಮತ್ತು ಮಗ ಒಟ್ಟಿಗೆ ನೆಲದ ಮೇಲೆ ಕುಳಿತು ಆಡುವ ಆಟ ಎಂಬ ರೂಪದಲ್ಲಿ ಕೋವೆನ್ ತಮ್ಮ ಸರಕನ್ನು ಮಾರಿದರು. ಬಹುಕಾಲದವರೆಗೆ ಲಯನೆಲ್ ಜಾಹೀರಾತುಗಳಲ್ಲಿ ಹೆಣ್ಣುಮಕ್ಕಳು ಕಂಡರೂ ನೋಡುವವರಾಗಿ ಕಂಡರೇ ಹೊರತು ಓಡಿಸುವವರಾಗಿ ಕಂಡದ್ದು ಅಪರೂಪ. ಕಾರ್ಖಾನೆಯ ಕೆಲಸವನ್ನು ಇಟಲಿಯಿಂದ ವಲಸೆ ಬಂದ ಮಾರಿಯೋ ಕರೂಸೊ ದಶಕಗಳ ಕಾಲ ಬಿಗಿಯಾಗಿ ನಡೆಸಿದರು. ಕಾರ್ಖಾನೆ ಮುಂದೆ ನ್ಯೂಜೆರ್ಸಿಯ ಇರ್ವಿಂಗ್‌ಟನ್ನಿಗೆ ಸ್ಥಳಾಂತರಗೊಂಡಿತು.

ಬೋಗಿ ಕಳಚುವ ಸಮಸ್ಯೆ

ಆಟಿಕೆ ರೈಲು ಬರಿದೇ ಸುತ್ತುತ್ತಿದ್ದರೆ ಮಗುವಿಗೆ ಕೆಲವೇ ದಿನಗಳಲ್ಲಿ ಬೇಸರ ಬರುತ್ತದೆ. ಆಟ ಬೆಳೆಯಬೇಕಾದರೆ ರೈಲು ಕೆಲಸ ಮಾಡಬೇಕು. ಒಂದು ಬೋಗಿಯನ್ನು ಬದಿಯ ಹಳಿಯಲ್ಲಿ ಬಿಟ್ಟು ಬರಬೇಕು, ಇನ್ನೊಂದನ್ನು ಎಳೆದು ತರಬೇಕು. ರೈಲ್ವೆಯ ಭಾಷೆಯಲ್ಲಿ ಇದಕ್ಕೆ ಷಂಟಿಂಗ್ ಎನ್ನುತ್ತಾರೆ. ಷಂಟಿಂಗ್‌ಗೆ ಮೂರು ಸಂಗತಿಗಳು ಬೇಕು: ಎಂಜಿನ್ ಹಿಂದೆ ಮುಂದೆ ಚಲಿಸಬೇಕು, ಬೋಗಿಗಳು ತಾಗಿದೊಡನೆ ತಾವೇ ಕೂಡಿಕೊಳ್ಳಬೇಕು, ಬೇಕೆಂದಾಗ ಬೇಕಾದ ಕಡೆ ಬಿಟ್ಟುಕೊಳ್ಳಬೇಕು. ಮೂರನೆಯದು ಎಲ್ಲಕ್ಕಿಂತ ಕಷ್ಟ. ಗಟ್ಟಿಯಾಗಿ ಹಿಡಿಯುವ ಕೊಂಡಿ ಸುಲಭವಾಗಿ ಬಿಡುವುದಿಲ್ಲ, ಸುಲಭವಾಗಿ ಬಿಡುವ ಕೊಂಡಿ ತಿರುವಿನಲ್ಲಿ ತಾನಾಗಿಯೇ ಕಳಚಿಕೊಳ್ಳುತ್ತದೆ.

ನಿಜವಾದ ರೈಲಿನಲ್ಲಿ ಈ ಪ್ರಶ್ನೆ ಪ್ರಾಣದ ಪ್ರಶ್ನೆಯಾಗಿತ್ತು. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಬೋಗಿಗಳನ್ನು ಕಬ್ಬಿಣದ ಉದ್ದನೆಯ ಬಳೆ ಮತ್ತು ಮೊಳೆಯಿಂದ ಜೋಡಿಸುತ್ತಿದ್ದರು. ಬ್ರೇಕ್ ಕೆಲಸಗಾರನು ಎರಡು ಬೋಗಿಗಳ ನಡುವೆ ನಿಂತು, ಹತ್ತಿರ ಬರುತ್ತಿರುವ ಬೋಗಿಯ ಬಾಯಿಗೆ ಬಳೆಯನ್ನು ಕೈಯಿಂದ ಹಿಡಿದು ತೂರಿಸಿ, ಮೇಲಿನಿಂದ ಮೊಳೆ ಇಳಿಸಬೇಕು. ಕ್ಷಣ ತಪ್ಪಿದರೆ ಬೆರಳು ಹೋಗುತ್ತಿತ್ತು, ಕೆಲವೊಮ್ಮೆ ಜೀವವೇ ಹೋಗುತ್ತಿತ್ತು. ಬೆರಳುಗಳಿಲ್ಲದ ಕೈಯನ್ನು ನೋಡಿ ಆತ ಹಳೆಯ ಕೆಲಸಗಾರನೆಂದು ಗುರುತಿಸುವಷ್ಟು ಇದು ಸಾಮಾನ್ಯವಾಗಿತ್ತು. ವರ್ಜೀನಿಯಾದ ಎಲೈ ಜ್ಯಾನಿ 1873ರಲ್ಲಿ ಪೇಟೆಂಟ್ ಪಡೆದ ಕೊಂಡಿ ಇದಕ್ಕೆ ಪರಿಹಾರ ಒದಗಿಸಿತು. ಮಡಚಿದ ಬೆರಳಿನ ಗೆಣ್ಣಿನಂತೆ ತೋರುವ ಎರಡು ಉಕ್ಕಿನ ಭಾಗಗಳು ತಾಗಿದೊಡನೆ ಒಂದನ್ನೊಂದು ಹಿಡಿದು ಬೀಗ ಬೀಳುತ್ತವೆ. ಬಿಡಿಸಲು ಬೋಗಿಯ ಪಕ್ಕದಲ್ಲಿ ನಿಂತು ಸನ್ನೆಯೊಂದನ್ನು ಎತ್ತಿದರೆ ಬೀಗ ಮೇಲೇಳುತ್ತದೆ. 1893ರಲ್ಲಿ ಅಮೆರಿಕದ ಸಂಸತ್ತು ಕಾನೂನು ಮಾಡಿ, ತಾನಾಗಿ ಕೂಡುವ ಮತ್ತು ಮನುಷ್ಯ ನಡುವೆ ಹೋಗದೆ ಕಳಚಬಹುದಾದ ಕೊಂಡಿಗಳನ್ನೇ ಬಳಸಬೇಕೆಂದು ವಿಧಿಸಿತು. ರೈಲ್ವೆ ಕಂಪನಿಗಳಿಗೆ ಕೊಟ್ಟಿದ್ದ ಅವಧಿ ಮುಗಿದದ್ದು 1900ರಲ್ಲಿ, ಲಯನೆಲ್ ಸಂಸ್ಥೆ ಹುಟ್ಟಿದ ವರ್ಷದಲ್ಲಿಯೇ.

ಭಾರತೀಯ ರೈಲ್ವೆಯ ಹಳೆಯ ಪ್ರಯಾಣಿಕ ಬೋಗಿಗಳಲ್ಲಿ ತಿರುಪಿನ ಕೊಂಡಿ ಇದೆ. ಅದನ್ನು ಬಿಗಿಯಲು ಅಥವಾ ಸಡಿಲಿಸಲು ಕೆಲಸಗಾರನು ಈಗಲೂ ಎರಡು ಬೋಗಿಗಳ ನಡುವೆ ಇಳಿಯುತ್ತಾನೆ. ಸರಕು ವ್ಯಾಗನ್ನುಗಳಲ್ಲಿಯೂ ಹೊಸ ಎಲ್‌ಎಚ್‌ಬಿ ಬೋಗಿಗಳಲ್ಲಿಯೂ ಇರುವ ನಡುಕೊಂಡಿಯನ್ನು ನಿಲ್ದಾಣದಲ್ಲಿ ಗಮನಿಸಿದವರಿಗೆ ಗೆಣ್ಣುಕೊಂಡಿಯ ಆಕಾರ ಸುಲಭವಾಗಿ ಮನಸ್ಸಿಗೆ ಬರುತ್ತದೆ.

ಆಟಿಕೆಯ ಲೋಕದಲ್ಲಿ ಅಪಾಯವಿರಲಿಲ್ಲ, ಆದರೆ ತೊಡಕು ಅದೇ ಆಗಿತ್ತು. ಲಯನೆಲ್‌ನ ಆರಂಭದ ರೈಲುಗಳಲ್ಲಿ ಕೊಕ್ಕೆಯಂತಹ ಸರಳ ಕೊಂಡಿಗಳಿದ್ದವು. 1920ರ ದಶಕದಲ್ಲಿ ಚಿಲಕದಂತೆ ಸಿಕ್ಕಿಕೊಳ್ಳುವ ಕೊಂಡಿ ಬಂದಿತು. ಇವೆರಡನ್ನೂ ಕೈಯಿಂದಲೇ ಬಿಡಿಸಬೇಕು. ಮಗುವಿನ ಕೈ ಆಕಾಶದಿಂದ ಇಳಿದಂತೆ ರೈಲಿನ ಮೇಲೆ ಇಳಿಯುತ್ತದೆ, ಒಂದು ಬೋಗಿಯನ್ನು ಎತ್ತುವಾಗ ಪಕ್ಕದ ಎರಡು ಹಳಿ ತಪ್ಪುತ್ತವೆ. ಆಟದಲ್ಲಿ ಕಟ್ಟಿಕೊಂಡಿದ್ದ ಊರು, ನಿಲ್ದಾಣ, ಸುರಂಗಗಳೆಲ್ಲ ಆ ಕ್ಷಣದಲ್ಲಿ ತಗಡಿನ ಆಟಿಕೆಗಳಾಗಿಬಿಡುತ್ತವೆ. ನಿಜವಾದ ರೈಲಿಗೆ ಆದಷ್ಟು ಸಮೀಪವಾಗಿರಬೇಕೆಂಬುದು ಕೋವೆನ್ ಅವರ ಪ್ರಚಾರದ ಮುಖ್ಯ ಮಾತಾಗಿತ್ತು. ಕೈಯಿಂದ ಕೊಂಡಿ ಬಿಡಿಸುವ ರೈಲು ಆ ಮಾತಿಗೆ ನಿಲ್ಲುತ್ತಿರಲಿಲ್ಲ.

ಹಿಮ್ಮುಖ ಚಲನೆಯ ಪ್ರಶ್ನೆ ಬೇರೊಂದು ದಾರಿಯಿಂದ ಬಗೆಹರಿಯಿತು. ಕನೆಕ್ಟಿಕಟ್ಟಿನ ಐವ್ಸ್ ಸಂಸ್ಥೆ ಲಯನೆಲ್‌ನ ಹಳೆಯ ಪ್ರತಿಸ್ಪರ್ಧಿ. ಆ ಸಂಸ್ಥೆಯವರು ವಿದ್ಯುತ್ತನ್ನು ತಡೆದು ಮತ್ತೆ ಹರಿಸಿದರೆ ಎಂಜಿನ್ ತಾನಾಗಿ ನಿಂತು ಹಿಮ್ಮುಖವಾಗುವ ಸಾಧನವನ್ನು ರೂಪಿಸಿದ್ದರು. ಕೋವೆನ್ ಅವರು ಪ್ರತಿಸ್ಪರ್ಧಿಗಳ ಸರಕನ್ನು ಜಾಹೀರಾತುಗಳಲ್ಲಿ ಹೀನಾಯವಾಗಿ ತೋರಿಸಲು ಹಿಂಜರಿದವರಲ್ಲ. 1928ರಲ್ಲಿ ಐವ್ಸ್ ದಿವಾಳಿಯಾದಾಗ ಅಮೆರಿಕನ್ ಫ್ಲೈಯರ್ ಸಂಸ್ಥೆಯೊಡನೆ ಸೇರಿ ಅದನ್ನು ಕೊಂಡರು, ಅನಂತರ ಪೂರ್ತಿಯಾಗಿ ತಮ್ಮದಾಗಿಸಿಕೊಂಡರು. ಹಿಮ್ಮುಖ ಚಲನೆಯ ಪೇಟೆಂಟ್ ಹೀಗೆ ಲಯನೆಲ್‌ಗೆ ದೊರೆಯಿತು. ಸೋತವರ ಬುದ್ಧಿ ಗೆದ್ದವರ ಹೆಸರಿನಲ್ಲಿ ಪ್ರಸಿದ್ಧವಾದುದಕ್ಕೆ ಇದೊಂದು ಉದಾಹರಣೆ.

ಆರ್ಥಿಕ ಕುಸಿತದ ವರ್ಷಗಳು

1929ರ ಅನಂತರದ ಮಹಾ ಆರ್ಥಿಕ ಕುಸಿತದಲ್ಲಿ ದುಬಾರಿ ಆಟಿಕೆಗಳನ್ನು ಕೊಳ್ಳುವವರು ಕಡಿಮೆಯಾದರು. 1934ರ ಮೇ ತಿಂಗಳಲ್ಲಿ ಲಯನೆಲ್ ಸಂಸ್ಥೆಯ ಆಡಳಿತ ನ್ಯಾಯಾಲಯವು ನೇಮಿಸಿದವರ ಕೈಗೆ ಹೋಯಿತು. ಅದೇ ವರ್ಷ ವಾಲ್ಟ್ ಡಿಸ್ನಿ ಸಂಸ್ಥೆಯಿಂದ ಅನುಮತಿ ಪಡೆದು ಮಿಕ್ಕಿ ಮತ್ತು ಮಿನ್ನಿ ಮೌಸ್ ಇಬ್ಬರೂ ಮೇಲೆ ಕೆಳಗೆ ಒತ್ತುತ್ತಾ ಸಾಗುವ, ಕೀಲಿ ಕೊಟ್ಟು ಓಡಿಸುವ ಚಿಕ್ಕ ತಳ್ಳುಗಾಡಿಯನ್ನು ಒಂದು ಡಾಲರ್ ಬೆಲೆಗೆ ಮಾರಿದರು. ಮೊದಲ ಹಬ್ಬದ ಕಾಲದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಗಾಡಿಗಳು ಮಾರಾಟವಾದವು. ಒಂದು ಇಲಿ ಕಂಪನಿಯನ್ನು ಉಳಿಸಿತೆಂದು ಪತ್ರಿಕೆಗಳು ಸಂಭ್ರಮದಿಂದ ಬರೆದವು. ವಾಸ್ತವದಲ್ಲಿ, ಯೂನಿಯನ್ ಪೆಸಿಫಿಕ್ ರೈಲ್ವೆಯ ಹೊಸ ವೇಗದ ರೈಲಿನ ಆಟಿಕೆ ರೂಪವೂ ಆ ವರ್ಷ ಚೆನ್ನಾಗಿ ಮಾರಾಟವಾಗಿ ಚೇತರಿಕೆಗೆ ನೆರವಾಯಿತು. ಆ ರೈಲಿನ ಬೋಗಿಗಳು ನಿಜರೂಪದಲ್ಲಿಯೂ ಆಟಿಕೆಯಲ್ಲಿಯೂ ಒಂದಕ್ಕೊಂದು ಹೆಣೆದುಕೊಂಡಿದ್ದವು. ಅದರೊಡನೆ ಷಂಟಿಂಗ್ ಆಡುವಂತಿರಲಿಲ್ಲ. 1935ರ ಆರಂಭದಲ್ಲಿ ಸಂಸ್ಥೆ ಸಾಲಗಾರರ ಹಿಡಿತದಿಂದ ಹೊರಬಂದಿತು.

ಗುಂಡಿ ಒತ್ತಿ ಕಳಚುವ ಕೊಂಡಿ

1938ರಲ್ಲಿ ಲಯನೆಲ್ ವಿದ್ಯುತ್ತಿನಿಂದ ಕಳಚುವ ಕೊಂಡಿಯನ್ನು ಮಾರುಕಟ್ಟೆಗೆ ತಂದಿತು. ಪೆಟ್ಟಿಗೆಯಾಕಾರದ ಈ ಕೊಂಡಿಯೊಳಗೆ ತಾಮ್ರದ ತಂತಿಯ ಸುರುಳಿ ಇರುತ್ತದೆ. ಸುರುಳಿಗೆ ವಿದ್ಯುತ್ ಹರಿದರೆ ಅದು ವಿದ್ಯುತ್ಕಾಂತವಾಗಿ ಒಳಗಿನ ಕಬ್ಬಿಣದ ತುಂಡನ್ನು ಸೆಳೆದು ಚಿಲಕವನ್ನು ಬಿಡಿಸುತ್ತದೆ. ವಿದ್ಯುತ್ತನ್ನು ಬೋಗಿಗೆ ತಲುಪಿಸಲು ವಿಶೇಷ ಹಳಿಯ ತುಂಡೊಂದನ್ನು ತಯಾರಿಸಿದರು. ಇದರಲ್ಲಿ ಎಂದಿನ ಮೂರು ಕಂಬಿಗಳ ಜೊತೆಗೆ ನಡುವಿನ ಕಂಬಿಯ ಎರಡೂ ಕಡೆ ಇನ್ನೆರಡು ಚಿಕ್ಕ ಕಂಬಿಗಳಿರುತ್ತವೆ. ಬೋಗಿಯ ಅಡಿಯಲ್ಲಿ ಜಾರುವ ಲೋಹದ ಪಾದವೊಂದು ಈ ಕಂಬಿಯನ್ನು ಸವರುತ್ತದೆ. ಬೇಕಾದ ಬೋಗಿ ಆ ತುಂಡಿನ ಮೇಲೆ ಬಂದಾಗ ಮಗು ದೂರದಲ್ಲಿರುವ ಗುಂಡಿಯನ್ನು ಒತ್ತಿದರೆ ಕೊಂಡಿ ಕಳಚುತ್ತದೆ. ಇನ್ನೊಂದು ಗುಂಡಿ ಒತ್ತಿದರೆ ಸರಕು ಇಳಿಸುವ ಗಾಡಿಗಳು ತಮ್ಮ ಹೊರೆಯನ್ನು ಬದಿಗೆ ಸುರಿಯುತ್ತವೆ.

ಈ ವಿಧಾನದ ಮಿತಿಗಳು ಬೇಗನೆ ತಿಳಿದವು. ವಿಶೇಷ ತುಂಡು ಇರುವ ಕಡೆ ಮಾತ್ರ ಬೋಗಿ ಕಳಚಬಹುದು, ಆದ್ದರಿಂದ ಅದನ್ನು ಎಲ್ಲಿ ಹಾಕಬೇಕೆಂದು ಮೊದಲೇ ಯೋಚಿಸಬೇಕು. ಲೋಹದ ಪಾದದಲ್ಲಿ ಕೊಳೆ ಸೇರಿದರೆ ವಿದ್ಯುತ್ ತಲುಪುವುದಿಲ್ಲ. ಪ್ರತಿ ಬೋಗಿಯಲ್ಲಿಯೂ ಕೂದಲಿನಂತಹ ತಂತಿಗಳಿದ್ದುದರಿಂದ ತಯಾರಿಕೆಯ ವೆಚ್ಚ ಏರುತ್ತಿತ್ತು. ಅಲ್ಲದೆ ಪೆಟ್ಟಿಗೆಯಾಕಾರದ ಕೊಂಡಿಯು ನಿಜವಾದ ರೈಲಿನ ಯಾವ ಕೊಂಡಿಯನ್ನೂ ಹೋಲುತ್ತಿರಲಿಲ್ಲ.

ಎರಡನೆಯ ಮಹಾಯುದ್ಧದಲ್ಲಿ ಸರ್ಕಾರದ ಆದೇಶದಂತೆ 1942ರ ಮಧ್ಯಭಾಗದಲ್ಲಿ ಆಟಿಕೆ ರೈಲುಗಳ ತಯಾರಿಕೆ ನಿಂತಿತು. ಲಯನೆಲ್ ಕಾರ್ಖಾನೆ ನೌಕಾಪಡೆಗೆ ದಿಕ್ಸೂಚಿಗಳನ್ನೂ ಇತರ ಉಪಕರಣಗಳನ್ನೂ ಮಾಡಿಕೊಟ್ಟಿತು. 1943ರಲ್ಲಿ ರಟ್ಟಿನಿಂದ ಕತ್ತರಿಸಿ ಜೋಡಿಸುವ ಕಾಗದದ ರೈಲನ್ನು ಮಾರಿದರು. ಜೋಡಿಸಲು ಅದು ಎಷ್ಟು ಕಷ್ಟವಾಗಿತ್ತೆಂದರೆ, ಸಂಗ್ರಾಹಕರು ಇಂದಿಗೂ ಅದನ್ನು ನೆನೆದು ನಗುತ್ತಾರೆ. ಯುದ್ಧದ ಬಿಡುವಿನಲ್ಲಿ ಎಂಜಿನಿಯರುಗಳಿಗೆ ಯೋಚಿಸಲು ಕಾಲ ಸಿಕ್ಕಿತು. 1945ರ ಕ್ರಿಸ್‌ಮಸ್‌ಗೆ ಬಂದ ಏಕೈಕ ರೈಲಿನಲ್ಲಿ ಜ್ಯಾನಿಯ ಗೆಣ್ಣುಕೊಂಡಿಯನ್ನು ಹೋಲುವ, ಲೋಹದಲ್ಲಿ ಎರಕ ಹೊಯ್ದ ಹೊಸ ಕೊಂಡಿ ಇತ್ತು. ಕಳಚುವುದು ಮೊದಲಿನಂತೆ ಸುರುಳಿಯಿಂದಲೇ. ನೋಡಲು ಮಾತ್ರ ಅದು ನಿಜವಾದ ರೈಲಿನ ಕೊಂಡಿಯೇ ಆಗಿತ್ತು. ಈ ಯಶಸ್ಸಿನ ಶ್ರೇಯವನ್ನು ಕೋವೆನ್ ಅವರೊಬ್ಬರಿಗೇ ಕೊಡುವುದು ಸರಿಯಲ್ಲ. ಮುಖ್ಯ ಎಂಜಿನಿಯರ್ ಜೋಸೆಫ್ ಬೊನಾನೊ ಮತ್ತು ಅವರ ಸಹೋದ್ಯೋಗಿಗಳ ಕೆಲಸ ಅದು. ಬಯಕೆ ಮತ್ತು ಬಂಡವಾಳ ಕೋವೆನ್ ಅವರದು.

ಹೊಸ ಕೊಂಡಿ ಹಳೆಯ ಕೊಂಡಿಯೊಡನೆ ಕೂಡುತ್ತಿರಲಿಲ್ಲ. ಯುದ್ಧಕ್ಕೆ ಮುನ್ನ ರೈಲು ಕೊಂಡಿದ್ದ ಮನೆಗಳು ಹೊಸ ಬೋಗಿಯನ್ನು ಸೇರಿಸಲಾಗದೆ ಮತ್ತೆ ಮೊದಲಿನಿಂದ ಕೊಳ್ಳಬೇಕಾಯಿತು. ಇದು ಗ್ರಾಹಕರಿಗೆ ನಷ್ಟ, ಸಂಸ್ಥೆಗೆ ಲಾಭ.

1946ರಲ್ಲಿ ಇನ್ನೂ ಸಾಹಸದ ಪ್ರಯತ್ನವೊಂದು ನಡೆಯಿತು. ಎಲೆಕ್ಟ್ರಾನಿಕ್ ಕಂಟ್ರೋಲ್ ಎಂಬ ಹೆಸರಿನ ಈ ರೈಲಿನಲ್ಲಿ ಎಂಜಿನ್‌ಗೂ ಪ್ರತಿ ಬೋಗಿಗೂ ಒಂದೊಂದು ಚಿಕ್ಕ ಗ್ರಾಹಕ ಯಂತ್ರವಿತ್ತು. ಪ್ರತಿಯೊಂದೂ ಬೇರೆ ಬೇರೆ ರೇಡಿಯೋ ಕಂಪನಾಂಕಕ್ಕೆ ಶ್ರುತಿಗೊಂಡಿತ್ತು. ಸಂಕೇತಗಳು ಹಳಿಯ ಮೂಲಕವೇ ಹರಿಯುತ್ತಿದ್ದವು. ಬೋಗಿಯ ಮೇಲಿನ ಬಣ್ಣದ ಗುರುತಿಗೆ ಹೊಂದುವ ಗುಂಡಿಯನ್ನು ಒತ್ತಿದರೆ ಆ ಬೋಗಿ ಹಳಿಯ ಯಾವ ಭಾಗದಲ್ಲಿದ್ದರೂ ಕಳಚುತ್ತಿತ್ತು. ವಿಶೇಷ ತುಂಡಿನ ಹಂಗೇ ಇಲ್ಲ. ಬೋಗಿ ಕಳಚುವ ಸಮಸ್ಯೆಗೆ ಅದುವರೆಗೆ ದೊರೆತ ಪೂರ್ಣ ಪರಿಹಾರ ಇದು. ಆದರೆ ಬೆಲೆ ಹೆಚ್ಚು, ನಿರ್ವಹಣೆ ಕಷ್ಟ, ಇದಕ್ಕೆ ಹೊಂದುವ ಬೇರೆ ಬೋಗಿಗಳು ವಿರಳ. ನಿರೀಕ್ಷಿಸಿದಷ್ಟು ಮಾರಾಟವಾಗದೆ 1949ರ ವೇಳೆಗೆ ಇದು ಮರೆಯಾಯಿತು.

ಉಳಿದುಕೊಂಡದ್ದು ಸರಳವಾದ ವಿಧಾನ. 1948ರ ಸುಮಾರಿಗೆ ಲಯನೆಲ್ ವಿದ್ಯುತ್ ಸುರುಳಿಯನ್ನು ಬೋಗಿಯಿಂದ ತೆಗೆದು ಹಳಿಗೆ ವರ್ಗಾಯಿಸಿತು. ಕೊಂಡಿಯ ಅಡಿಯಲ್ಲಿ ತೆಳುವಾದ ಕಬ್ಬಿಣದ ಬಿಲ್ಲೆಯೊಂದು ಇರುತ್ತದೆ. ಹಳಿಯ ನಡುವೆ ಅಡಗಿರುವ ವಿದ್ಯುತ್ಕಾಂತಕ್ಕೆ ಗುಂಡಿ ಒತ್ತಿ ವಿದ್ಯುತ್ ಹರಿಸಿದರೆ ಅದು ಬಿಲ್ಲೆಯನ್ನು ಕೆಳಕ್ಕೆ ಸೆಳೆಯುತ್ತದೆ, ಬೀಗ ಸಡಿಲವಾಗಿ ಸ್ಪ್ರಿಂಗಿನ ಬಲದಿಂದ ಗೆಣ್ಣು ತೆರೆದುಕೊಳ್ಳುತ್ತದೆ. ಬೋಗಿಯಲ್ಲಿ ತಂತಿಯೂ ಇಲ್ಲ, ಸುರುಳಿಯೂ ಇಲ್ಲ. ಹತ್ತಾರು ಬೋಗಿಗಳಿಗೆ ಒಂದೇ ಕಾಂತ ಸಾಕಾಗುವುದರಿಂದ ವೆಚ್ಚವೂ ಇಳಿಯಿತು. ಸವೆದ ಕೊಂಡಿಗಳು ಅಲುಗಾಟಕ್ಕೆ ದಾರಿಯಲ್ಲಿಯೇ ತೆರೆದುಕೊಂಡು ರೈಲಿನ ಬಾಲ ಹಿಂದೆ ಉಳಿಯುವುದು ಇದರ ದೋಷ. ಹಳೆಯ ಲಯನೆಲ್ ರೈಲುಗಳನ್ನು ಓಡಿಸುವವರು ಇದನ್ನು ಚೆನ್ನಾಗಿ ಬಲ್ಲರು.

ಪ್ರತಿಸ್ಪರ್ಧಿಗಳು ಬೇರೆ ದಾರಿ ಹಿಡಿದರು. ಎ. ಸಿ. ಗಿಲ್ಬರ್ಟ್ ಅವರ ಅಮೆರಿಕನ್ ಫ್ಲೈಯರ್ ಯುದ್ಧಾನಂತರ ಎರಡೇ ಕಂಬಿಗಳ ಹಳಿಯನ್ನು ತಂದು ನೋಟದಲ್ಲಿ ಲಯನೆಲ್‌ನ್ನು ಮೀರಿಸಿತು. ಆದರೆ ಅವರ ಕೊಂಡಿ ಕೆಲವು ವರ್ಷ ಬಳೆಯಾಕಾರದಲ್ಲಿಯೇ ಉಳಿಯಿತು. ಹಳಿಗಳ ನಡುವಿನಿಂದ ಮೇಲೇಳುವ ತಟ್ಟೆ ಅದನ್ನು ಎತ್ತಿ ಬಿಡಿಸುತ್ತಿತ್ತು. ಗೆಣ್ಣುಕೊಂಡಿ ಅಲ್ಲಿಗೆ ಬಂದದ್ದು 1952ರಲ್ಲಿ.

ಉತ್ತುಂಗ ಮತ್ತು ಇಳಿಮುಖ

1945ರಲ್ಲಿ ಮಗ ಲಾರೆನ್ಸ್ ಸಂಸ್ಥೆಯ ಅಧ್ಯಕ್ಷರಾದರು. ಕೋವೆನ್ ಆಡಳಿತ ಮಂಡಳಿಯ ಮುಖ್ಯಸ್ಥರಾಗಿ ಮುಂದುವರಿದರು. ಮರುವರ್ಷ ಪತ್ನಿ ಸಿಸಿಲಿಯಾ ತೀರಿಕೊಂಡರು. 1948ರಲ್ಲಿ ಕೋವೆನ್ ಅವರು ಲಿಲಿಯನ್ ಹರ್ಮನ್ ಅವರನ್ನು ವಿವಾಹವಾದರು.

ಯುದ್ಧದ ನಂತರದ ಹತ್ತು ವರ್ಷಗಳು ಲಯನೆಲ್‌ನ ಸುವರ್ಣಕಾಲ. 1946ರಲ್ಲಿ ಹೊಗೆಯುಗುಳುವ ಎಂಜಿನ್ ಬಂದಿತು. 1947ರಲ್ಲಿ ಬಂದ ಹಾಲಿನ ಗಾಡಿಯಿಂದ ಪುಟ್ಟ ಮನುಷ್ಯನೊಬ್ಬ ಗುಂಡಿ ಒತ್ತಿದಾಗಲೆಲ್ಲ ಬಾಗಿಲು ತೆರೆದು ಹಾಲಿನ ಕ್ಯಾನುಗಳನ್ನು ವೇದಿಕೆಯ ಮೇಲೆ ಇಳಿಸುತ್ತಿದ್ದ. ಸಂಸ್ಥೆಯ ಚಲಿಸುವ ಗಾಡಿಗಳಲ್ಲಿ ಇದರಷ್ಟು ಜನಪ್ರಿಯವಾದದ್ದು ಬೇರೊಂದಿಲ್ಲ. 1950ರಲ್ಲಿ ಚಕ್ರಗಳನ್ನು ಕಾಂತಗೊಳಿಸಿ ಎಂಜಿನ್ ಹಳಿಗೆ ಅಂಟಿಕೊಂಡು ಹೆಚ್ಚು ಬೋಗಿಗಳನ್ನು ಎಳೆಯುವಂತೆ ಮಾಡಿದರು. 1953ರಲ್ಲಿ ಸುಮಾರು 3.3 ಕೋಟಿ ಡಾಲರ್ ವ್ಯಾಪಾರ ನಡೆಸಿ ಲಯನೆಲ್ ಜಗತ್ತಿನ ಅತಿ ದೊಡ್ಡ ಆಟಿಕೆ ಸಂಸ್ಥೆಯೆನಿಸಿತು.

ಅನಂತರ ಇಳಿಮುಖ ವೇಗವಾಗಿ ಬಂದಿತು. ಜನರು ರೈಲು ಬಿಟ್ಟು ಕಾರು, ವಿಮಾನಗಳಲ್ಲಿ ಪ್ರಯಾಣಿಸತೊಡಗಿದರು. ಮಕ್ಕಳ ಕಣ್ಣು ದೂರದರ್ಶನದ ಕಡೆಗೂ ಬಾಹ್ಯಾಕಾಶದ ಕಡೆಗೂ ಹೊರಳಿತು. ಕಡಿಮೆ ಜಾಗ ಬೇಡುವ ಚಿಕ್ಕ ಎಚ್‌ಓ ಅಳತೆಯ ಮಾದರಿ ರೈಲುಗಳು ಹವ್ಯಾಸಿಗಳನ್ನು ಸೆಳೆದವು. 1957ರಲ್ಲಿ ಹೆಣ್ಣುಮಕ್ಕಳಿಗಾಗಿ ಗುಲಾಬಿ ಬಣ್ಣದ ಎಂಜಿನ್ ಇರುವ ರೈಲನ್ನು ತಂದರು. ರೈಲು ಬೇಕೆನ್ನುವ ಹುಡುಗಿಯರಿಗೆ ನಿಜವಾದ ರೈಲಿನ ಬಣ್ಣವೇ ಬೇಕಾಗಿತ್ತು. ಗುಲಾಬಿ ರೈಲು ಅಂಗಡಿಗಳಲ್ಲಿಯೇ ಉಳಿಯಿತು. ಅರ್ಧ ಶತಮಾನ ಅವರನ್ನು ಹೊರಗಿಟ್ಟ ತಪ್ಪನ್ನು ಬಣ್ಣ ಬಳಿದು ತಿದ್ದಲಾಗಲಿಲ್ಲ. ವಿಪರ್ಯಾಸವೆಂದರೆ ಮಾರಾಟವಾಗದ ಆ ರೈಲು ಇಂದು ಸಂಗ್ರಾಹಕರು ಹುಡುಕುವ ಅಪರೂಪದ ವಸ್ತು.

1959ರಲ್ಲಿ ಕೋವೆನ್ ತಮ್ಮ ಪಾಲಿನ ಷೇರುಗಳನ್ನು ವಕೀಲ ರಾಯ್ ಕೋನ್ ಅವರ ಗುಂಪಿಗೆ ಮಾರಿದರು. ಸೆನೆಟರ್ ಮೆಕಾರ್ಥಿಯ ವಿಚಾರಣೆಗಳಲ್ಲಿ ಹೆಸರು ಮಾಡಿದ್ದ ಕೋನ್ ಸಂಬಂಧದಲ್ಲಿ ಕೋವೆನ್ ಅವರಿಗೆ ಮೊಮ್ಮಗನ ವರಸೆ. ಲಾರೆನ್ಸ್ ಕೂಡ ಸಂಸ್ಥೆಯಿಂದ ಹೊರಹೋಗಬೇಕಾಯಿತು. ತಂದೆ ಮಗನ ಚಿತ್ರವನ್ನು ಪೆಟ್ಟಿಗೆಗಳ ಮೇಲೆ ಮುದ್ರಿಸಿ ಬೆಳೆದ ಉದ್ಯಮದಲ್ಲಿ ತಂದೆ ಮಗನ ಉತ್ತರಾಧಿಕಾರ ಅಲ್ಲಿಗೆ ಮುಗಿಯಿತು. ಹೊಸ ಆಡಳಿತ ಬೇರೆ ಬೇರೆ ಉದ್ಯಮಗಳಿಗೆ ಕೈಹಾಕಿ ನಷ್ಟ ಅನುಭವಿಸಿತು. ಕೋನ್ ಅವರ ಹಿಡಿತವೂ ಕೆಲವೇ ವರ್ಷ ಉಳಿಯಿತು.

ಕೋವೆನ್ ಅವರು 1965ರ ಸೆಪ್ಟೆಂಬರ್ 8ರಂದು ಫ್ಲಾರಿಡಾದ ಪಾಮ್ ಬೀಚ್‌ನಲ್ಲಿ ನಿಧನರಾದರು. ಆಗ ಅವರಿಗೆ 88 ವರ್ಷ.

ನಂತರದ ಬೆಳವಣಿಗೆ

1969ರಲ್ಲಿ ಲಯನೆಲ್ ಹೆಸರಿನಲ್ಲಿ ರೈಲು ತಯಾರಿಸುವ ಹಕ್ಕು ಜನರಲ್ ಮಿಲ್ಸ್ ಸಂಸ್ಥೆಗೆ ಹೋಯಿತು. ಮಾಲೀಕತ್ವ ಮತ್ತೆ ಮತ್ತೆ ಬದಲಾದರೂ ಹೆಸರು ಉಳಿದಿದೆ. 2006ರಲ್ಲಿ ಲಯನೆಲ್ ರೈಲುಗಳು ಅಮೆರಿಕದ ರಾಷ್ಟ್ರೀಯ ಆಟಿಕೆ ಗೌರವ ಪಟ್ಟಿಗೆ ಸೇರಿದವು.

ಬೋಗಿ ಕಳಚುವ ವಿಧಾನಗಳು ಮಾದರಿ ರೈಲಿನ ಹವ್ಯಾಸದಲ್ಲಿ ಹಲವು ದಾರಿಗಳಲ್ಲಿ ಮುಂದುವರಿದವು. ಜರ್ಮನಿಯ ಮಾರ್ಕ್ಲಿನ್ ಸಂಸ್ಥೆಯ ರೈಲುಗಳಲ್ಲಿ ವಿಶೇಷ ಹಳಿಯ ನಡುವಿನ ತಟ್ಟೆ ಮೇಲೆದ್ದು ಕೊಂಡಿಯನ್ನು ಎತ್ತುತ್ತದೆ. ಬ್ರಿಟನ್ನಿನ ಟ್ರೈ-ಆಂಗ್ ಮಾದರಿಯ ಕೊಕ್ಕೆಗಳು ಹಳಿಗಳ ನಡುವಿನ ಇಳಿಜಾರು ಪಟ್ಟಿಯ ಮೇಲೆ ಬಂದು, ಎಳೆತ ಸಡಿಲವಾದಾಗ ಬಿಟ್ಟುಕೊಳ್ಳುತ್ತವೆ. ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಎಡ್ವರ್ಡ್ಸ್ ಸಹೋದರರು ಕಟ್ಟಿದ ಕೇಡೀ ಸಂಸ್ಥೆಯ ಕೊಂಡಿ ಇವೆಲ್ಲಕ್ಕಿಂತ ಸೂಕ್ಷ್ಮವಾದುದು. ಗೆಣ್ಣುಕೊಂಡಿಯಿಂದ ಕೆಳಕ್ಕೆ ಬಾಗಿದ ಉಕ್ಕಿನ ಕಡ್ಡಿಯೊಂದಿರುತ್ತದೆ. ಹಳಿಗಳ ನಡುವೆ ಶಾಶ್ವತ ಕಾಂತವನ್ನು ಇಟ್ಟಿರುತ್ತಾರೆ. ಎಳೆತ ಇರುವಾಗ ಕಾಂತದ ಮೇಲೆ ಹಾದುಹೋದರೆ ಏನೂ ಆಗುವುದಿಲ್ಲ. ಎಂಜಿನ್ನನ್ನು ಅಲ್ಲಿ ನಿಲ್ಲಿಸಿ ಕೊಂಚ ಹಿಂದಕ್ಕೆ ಸರಿಸಿ ಎಳೆತವನ್ನು ಸಡಿಲಿಸಿದರೆ ಎರಡೂ ಕಡ್ಡಿಗಳು ಎದುರು ದಿಕ್ಕುಗಳಿಗೆ ಸೆಳೆಯಲ್ಪಟ್ಟು ಕೊಂಡಿ ತೆರೆಯುತ್ತದೆ. ಆ ಬಳಿಕ ಎಂಜಿನ್ ಮುಂದೆ ಸರಿದು ಮತ್ತೆ ಹಿಂದಕ್ಕೆ ಬಂದರೆ ಕೊಂಡಿಗಳು ಕೂಡದೆ ಬರಿದೇ ತಾಗಿ ನಿಲ್ಲುತ್ತವೆ. ಹೀಗೆ ಬೋಗಿಯನ್ನು ತಳ್ಳಿಕೊಂಡು ಹೋಗಿ ಬೇಕಾದ ಕಡೆ ಬಿಟ್ಟುಬರಬಹುದು. ಇದಕ್ಕೆ ಗುಂಡಿಯೂ ಬೇಡ, ತಂತಿಯೂ ಬೇಡ.

ಇಷ್ಟೆಲ್ಲ ಇದ್ದರೂ ಅನುಭವಿ ಹವ್ಯಾಸಿಗಳಲ್ಲಿ ಅನೇಕರು ತೆಳುವಾದ ಬಿದಿರಿನ ಕಡ್ಡಿಯೊಂದನ್ನು ಗೆಣ್ಣುಗಳ ನಡುವೆ ಮೇಲಿನಿಂದ ಇಳಿಸಿ, ತುಸು ತಿರುಗಿಸಿ ಬೋಗಿಗಳನ್ನು ಬಿಡಿಸುತ್ತಾರೆ. ಹಳಿಯ ಯಾವ ಜಾಗದಲ್ಲಿಯೂ ನಡೆಯುವ ಈ ವಿಧಾನದಲ್ಲಿ ಕೆಟ್ಟುಹೋಗುವ ಭಾಗಗಳೇ ಇಲ್ಲ. ಲಯನೆಲ್‌ನ ಓ ಅಳತೆಯ ರೈಲುಗಳಲ್ಲಿ ಬಿಲ್ಲೆಯನ್ನು ಸೆಳೆಯುವ ವಿದ್ಯುತ್ಕಾಂತದ ವಿಧಾನ ಈಗಲೂ ಬಳಕೆಯಲ್ಲಿದೆ. ದುಬಾರಿ ಎಂಜಿನ್ನುಗಳಲ್ಲಿ ಮಾತ್ರ ಸುರುಳಿ ಮತ್ತೆ ಕೊಂಡಿಯೊಳಗೆ ಸೇರಿಕೊಂಡಿದ್ದು, ಕೈಯಲ್ಲಿ ಹಿಡಿದ ನಿಯಂತ್ರಕದ ಗುಂಡಿ ಒತ್ತಿದರೆ ಹಳಿಯ ಯಾವ ಭಾಗದಲ್ಲಿದ್ದರೂ ಅದು ಬೋಗಿಯನ್ನು ಬಿಡುತ್ತದೆ. 1946ರಲ್ಲಿ ಮಾರಾಟವಾಗದೆ ಹೋದ ರೈಲು ಮಾಡುತ್ತಿದ್ದ ಕೆಲಸವೂ ಇದೇ ಆಗಿತ್ತು.